ಗುರುತು ಹಿಡೀತಾರಾ ಅಂತ ಕೇಳೋರಿಗೆ

ಡಿಮೆನ್ಶಿಯಾ, ಅಂದ್ರೆ ಮರೆವಿನ ಕಾಯಿಲೆ, ಬಂದು ಕೇರ್ ಹೋಮಲ್ಲಿರೋ ಗಂಡನ್ನೋ ಹೆಂಡತೀನೋ ನೋಡೋಕೆ ಹೋಗ್ಬರೋರಿಗೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಈಗ್ಲೂ ಗುರುತು ಹಿಡೀತಾರಾ?" ಫೋನಲ್ಲಿ ಕೇಳ್ತಾರೆ, ದಾರೀಲಿ ಸಿಕ್ರೆ ಕೇಳ್ತಾರೆ, ಲಿಫ್ಟಲ್ಲಿ ನಿಂತಾಗ ಕೇಳ್ತಾರೆ. ಇಲ್ಲ ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಎರಡನೇದು, "ಮತ್ತೆ ಹೋಗಿ ಏನು ಪ್ರಯೋಜನ?" ಕೆಟ್ಟ ಮನಸ್ಸಿಂದ ಕೇಳಲ್ಲ, ಗೊತ್ತು. ಆದ್ರೂ ಕೇಳಿ ಕೇಳಿ ನಮ್ಮ ತಲೇಲೂ ಅದೇ ಲೆಕ್ಕ ಕೂತುಬಿಡುತ್ತೆ, ಅವರಿಗೆ ನೆನಪಿದ್ರೆ ಮಾತ್ರ ನಾವು ಹೋಗಿದ್ದು ಲೆಕ್ಕಕ್ಕೆ, ಇಲ್ದಿದ್ರೆ ಸುಮ್ನೆ ಓಡಾಟ ಅಂತ. ಆ ಲೆಕ್ಕ ನಾನು ಒಪ್ಪಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು, ಪುರುಸೊತ್ತಿದ್ದೋರು ಓದಿ.

ನಮ್ಮನೆಯವರಿಗಿರೋದು ಆಲ್ಝೈಮರ್ಸ್. ಡಿಮೆನ್ಶಿಯಾ ಇರೋರಲ್ಲಿ 60ರಿಂದ 70 ಪರ್ಸೆಂಟ್ ಜನಕ್ಕೆ ಇದೇ ಇರ್ಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇದು ಸಾಮಾನ್ಯವಾಗಿ ಮೊದಲು ಕೈ ಹಾಕೋದೇ ಮೆದುಳಲ್ಲಿ ಹೊಸ ನೆನಪು ಕೂಡಿಡೋ ಜಾಗಕ್ಕೆ, ಹಿಪೊಕ್ಯಾಂಪಸ್ ಅಂತಾರಲ್ಲ ಅದಕ್ಕೆ. ಹಂಗಾಗಿ ಬೆಳಿಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ಇರಲ್ಲ. ಆದ್ರೆ ಕೈಗೆ ರೂಢಿಯಾಗಿರೋ ಕೆಲಸ, ಹಳೇ ಹಾಡಿನ ರಾಗ, ಇವೆಲ್ಲ ಬೇರೆ ಕಡೆ ಉಳ್ಕೊಂಡಿರ್ತವೆ, ಎಷ್ಟೋ ಜನಕ್ಕೆ ಬಹಳ ಕಾಲ ಹೋಗಲ್ಲ.

ಇದು ನಂಗೆ ಅರ್ಥ ಆಗಿದ್ದು ಉಗುರು ತೆಗೆಯೋವಾಗ. ಕೇರ್ ಹೋಮಿನ ಹುಡುಗೀರೇ ತೆಗೀತಾರೆ, ಆದ್ರೂ ಆ ಕೆಲಸ ನಾನು ಬಿಟ್ಟುಕೊಟ್ಟಿಲ್ಲ. ನೇಲ್ ಕಟರ್ ಹಿಡ್ಕೊಂಡು ಪಕ್ಕದಲ್ಲಿ ಕೂತ್ರೆ ಸಾಕು, ಏನೂ ಹೇಳಿಸ್ಕೊಳ್ದೇ ಎಡಗೈ ಚಾಚ್ತಾರೆ, ಕಿರುಬೆರಳಿಂದ ಶುರು, ಒಂದು ಮುಗೀತು ಅಂದ್ರೆ ಅದನ್ನ ಮಡಚಿ ಮುಂದಿನ ಬೆರಳು ಕೊಡ್ತಾರೆ, ಹೆಬ್ಬೆರಳಿನ ಸರದಿ ಬಂದಾಗ ಮಾತ್ರ ಕೈ ಒಂಚೂರು ಹಿಂದಕ್ಕೆ ಎಳ್ಕೋತಾರೆ, ಯಾಕಂದ್ರೆ ಆ ಉಗುರು ಮೊದ್ಲಿಂದ್ಲೂ ಒಳಕ್ಕೆ ತಿರುಗಿ ಬೆಳೆಯೋದು, ಸ್ವಲ್ಪ ಆಳಕ್ಕೆ ಹೋದ್ರೂ ನೋವು. ನಾನ್ಯಾರು ಅಂತ ಗೊತ್ತಿಲ್ಲ, ಹೆಬ್ಬೆರಳು ಜೋಪಾನ ಅಂತ ಗೊತ್ತು. ಮಧ್ಯೆ "ಮೇಡಂ, ನಿಮ್ಗೆಷ್ಟು ಜನ ಮಕ್ಕಳು?" ಅಂತಾರೆ. ಇಬ್ರು ಅಂತೀನಿ. "ಹೌದಾ, ನಂಗೂ ಇಬ್ರೇ!" ಅಂತ ಮುಖ ಅರಳಿಸ್ತಾರೆ. ಅಳೋರು ಅಳಲಿ, ನಂಗಂತೂ ನಗು ಬರುತ್ತೆ.

2014ರಲ್ಲಿ ಅಮೆರಿಕದ ಅಯೋವಾ ಯೂನಿವರ್ಸಿಟಿಯವರು ಒಂದು ಸ್ಟಡಿ ಪ್ರಕಟಿಸಿದ್ರು. ಆಲ್ಝೈಮರ್ಸ್ ಇರೋ 17 ಜನಕ್ಕೆ ದುಃಖದ ಸಿನಿಮಾ ತುಣುಕುಗಳನ್ನ ತೋರಿಸಿದ್ರು, ಬೇರೆಯಾಗಿ ಖುಷಿಯ ತುಣುಕುಗಳನ್ನೂ ತೋರಿಸಿದ್ರು. ಸ್ವಲ್ಪ ಹೊತ್ತಾದ್ಮೇಲೆ ಏನು ನೋಡಿದ್ರಿ ಅಂದ್ರೆ ಹೆಚ್ಚಿನೋರಿಗೆ ಹೇಳೋಕಾಗಿಲ್ಲ, ಆದ್ರೆ ಆ ದುಃಖ, ಆ ಖುಷಿ ಇನ್ನೂ ಒಳಗಿತ್ತು. ಅದ್ರಲ್ಲೂ ಯಾರಿಗೆ ಕಡಿಮೆ ನೆನಪಿತ್ತೋ ಅವರಿಗೇ ದುಃಖ ಹೆಚ್ಚು ಹೊತ್ತು ಉಳಿದಿತ್ತು. 17 ಜನ ಅಂದ್ರೆ ಸಣ್ಣ ಸ್ಟಡಿ, ಒಪ್ತೀನಿ, ಆದ್ರೆ ಇವ್ರಿರೋ ಕೇರ್ ಹೋಮಿನ ಯಾವ ಕೇರ್‌ಟೇಕರ್‌ನ ಕೇಳಿದ್ರೂ ಇದನ್ನೇ ಹೇಳ್ತಾರೆ. ನಾನು ಬಂದಿದ್ದೆ ಅನ್ನೋದು ಇವ್ರಿಗೆ ನಾನು ಗೇಟ್ ದಾಟೋದ್ರೊಳಗೆ ಹೋಗಿರುತ್ತೆ, ಮನಸ್ಸು ಹಗುರಾಗಿದ್ದು ಇನ್ನಷ್ಟು ಹೊತ್ತು ಇರುತ್ತೆ. ಅಷ್ಟು ಹೊತ್ತು ನಂಗೆ ಸಾಕು.

ಆದ್ರೆ ಇದು ಎರಡೂ ಕಡೆ ಕೊಯ್ಯೋ ಕತ್ತಿ. ನೆಂಟರೊಬ್ರು ಬಂದು ಬಾಗಿಲಲ್ಲೇ "ನಾನ್ಯಾರು ಹೇಳಿ ನೋಡೋಣ?" ಅಂತ ಶುರು ಮಾಡ್ತಾರೆ. ಉತ್ತರ ಬರಲ್ಲ. "ಅಯ್ಯೋ, ನೆನಪಿಲ್ವಾ? ಚೆನ್ನಾಗಿ ಯೋಚ್ನೆ ಮಾಡಿ!" ಏನೋ ಕೇಳ್ತಿದ್ದಾರೆ, ನಂಗೆ ಬರ್ತಿಲ್ಲ, ಮರ್ಯಾದೆ ಹೋಗ್ತಿದೆ ಅನ್ನೋದು ಇವ್ರಿಗೆ ಚೆನ್ನಾಗೇ ಗೊತ್ತಾಗುತ್ತೆ, ಅದಕ್ಕೇನೂ ನೆನಪಿನ ಶಕ್ತಿ ಬೇಕಿಲ್ಲ. ಆ ನೆಂಟರು ಹೋದ್ಮೇಲೆ ಇಡೀ ಸಾಯಂಕಾಲ ಕಾರಿಡಾರಲ್ಲಿ ಶತಪಥ ತಿರುಗೋದು ಇವ್ರು, ಹಿಂದೆ ಹಿಂದೆ ಓಡಾಡೋದು ಪಾಪ ಅಲ್ಲಿನ ಹುಡುಗೀರು. ಬಂದೋರು ತಾವೇ ಹೆಸ್ರು ಹೇಳಿ ಕೂತ್ಕೊಂಡ್ರೆ ಏನು ಕಳ್ಕೋತಾರೋ ನಂಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ಅಮ್ಮನ ವಿಷಯ. "ಅಮ್ಮ ಎಲ್ಲಿ, ಇನ್ನೂ ಬಂದಿಲ್ವಲ್ಲ" ಅಂತಾರೆ. ಅತ್ತೆ ಹೋಗಿ ಎಷ್ಟೋ ವರ್ಷ ಆಯ್ತು, ಹಂಗಂತ ನಿಜ ಹೇಳಿದ್ರೆ ಅವರಿಗೆ ಅದು ಈಗ ತಾನೇ ಬಂದ ಸುದ್ದಿ, ಪ್ರತಿ ಸಲ ಹೊಸ ಸಾವು. ಸುಳ್ಳೂ ಹೇಳಲ್ಲ ನಾನು, "ಅಮ್ಮನ್ನ ನೋಡ್ಬೇಕು ಅನ್ನಿಸ್ತಿದ್ಯಾ? ಅಮ್ಮ ಹೆಂಗೆ ಬಯ್ತಿದ್ರು ಹೇಳಿ" ಅಂತೀನಿ. ಹೇಳೋಕೆ ಶುರು ಮಾಡಿದ್ರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಹೋಗೋ ಹೊತ್ತೂ ಮುಖ್ಯ. ಸಂಜೆ ಆಗ್ತಿದ್ದಂಗೆ ಈ ಕಾಯಿಲೆಯಲ್ಲಿ ಸುಮಾರು ಜನಕ್ಕೆ ಗಾಬರಿ, ಚಡಪಡಿಕೆ ಜಾಸ್ತಿ ಆಗುತ್ತೆ. "ನಡೀರಿ ಮನೆಗೆ ಹೋಗೋಣ" ಅಂತ ಇವ್ರು ಹಟ ಹಿಡಿಯೋದೂ ಆಗ್ಲೇ. ಇದನ್ನ ಕೇಳಿ ಕರುಳು ಕಿತ್ತು ಬಂದಂಗಾಗಿ, ನಾನೇ ತಂದು ಬಿಟ್ಟೆನಲ್ಲ ಅಂತ ಕೊರಗೋರಿಗೆ ಒಂದು ಮಾತು: ಇವ್ರು ನಮ್ಮನೇಲಿ, ತಮ್ಮದೇ ಮಂಚದ ಮೇಲೆ ಕೂತೂ ಇದನ್ನೇ ಅಂತಿದ್ರು. ನಾನು ಬೆಳಿಗ್ಗೆ ಹೋಗ್ತೀನಿ, ಊಟದ ತಟ್ಟೆ ಬರೋ ಹೊತ್ತಿಗೆ ಏಳ್ತೀನಿ. ಗಮನ ತಟ್ಟೆ ಕಡೆ ಹೋಗಿರುತ್ತೆ, ಹೋಗ್ಬರ್ತೀನಿ ಅಂತ ದೊಡ್ಡದಾಗಿ ಹೇಳಿ ಇಬ್ರೂ ಗೋಳಾಡೋದು ತಪ್ಪುತ್ತೆ. ಮನಸ್ಸಿಲ್ಲದ ದಿನ ಹೋಗೋದೇ ಇಲ್ಲ. ಅದಕ್ಕೆ ಯಾರ ಅಪ್ಪಣೆನೂ ಬೇಡ.

ಗಂಡ ಹೆಂಡತಿಗೇ ಅಂತ ಇರೋ ಕಷ್ಟ ಇನ್ನೊಂದಿದೆ, ಯಾರೂ ಬಾಯಿ ಬಿಡಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಗೊತ್ತಲ್ಲ, ಗಂಡನಿಗೆ ಆಲ್ಝೈಮರ್ಸ್ ಅಂತ 2006ರಲ್ಲಿ ಅಷ್ಟು ದೊಡ್ಡ ಹುದ್ದೆ ಬಿಟ್ಟು ಬಂದ್ರು. ಆಮೇಲೆ ಆ ಗಂಡ ಕೇರ್ ಸೆಂಟರಲ್ಲಿ ಅಲ್ಲೇ ಇದ್ದ ಇನ್ನೊಬ್ರು ಹೆಂಗಸಿನ ಜೊತೆ ಪ್ರೀತಿಯಲ್ಲಿದ್ರು. 2007ರಲ್ಲಿ ಮಗನೇ ಟಿವಿಯಲ್ಲಿ ಹೇಳಿದ, ಅಪ್ಪ ಅಲ್ಲಿ ನೆಮ್ಮದಿಯಾಗಿದ್ದಾರಲ್ಲ ಅಂತ ಅಮ್ಮನಿಗೆ ಸಮಾಧಾನವೇ ಆಗಿದೆ ಅಂತ. ಕೊನೆಗೆ ಓಕಾನರ್ ಅವರಿಗೇ ಡಿಮೆನ್ಶಿಯಾ ಬಂದಿದೆ ಅಂತ 2018ರಲ್ಲಿ ಅವರೇ ತಿಳಿಸಿದ್ರು, 2023ರಲ್ಲಿ ತೀರ್ಕೊಂಡ್ರು. ನಮ್ಮೋರು ಊಟದ ಹಾಲಲ್ಲಿ ಪಕ್ಕದ ಕುರ್ಚಿ ಅಜ್ಜಿಗೆ ನ್ಯಾಪ್ಕಿನ್ ಮಡಚಿ ಕೊಡ್ತಾ ಇರ್ತಾರೆ, ಅಷ್ಟಕ್ಕೇ ನಂಗೆ ಒಂಥರಾ ಆಗುತ್ತೆ. ಇಷ್ಟು ವರ್ಷ ಸಂಸಾರ ಮಾಡಿದ್ರಲ್ಲಿ ನಂಗೊಂದು ದಿನ ಮಡಚಿ ಕೊಟ್ಟೋರಲ್ಲ ಈ ಮನುಷ್ಯ!

ಮತ್ತೆ ಪ್ರಯೋಜನ ಏನು ಅಂದ್ರಲ್ಲ, ಕಣ್ಣಿಗೆ ಕಾಣೋ ಪ್ರಯೋಜನಾನೂ ಇದೆ. ಹಾಕಿರೋ ಕನ್ನಡಕ ಇವ್ರದ್ದೇನಾ, ಹಿಯರಿಂಗ್ ಏಡ್ ಬ್ಯಾಟರಿ ಇದ್ಯಾ, ಪ್ಯಾಂಟ್ ಸಡಿಲ ಆಗಿದ್ಯಾ ಅಂದ್ರೆ ತೂಕ ಇಳೀತಿದ್ಯಾ, ಮೊಣಕೈ ಹತ್ರ ಕಪ್ಪಗಾಗಿರೋದು ಬಿದ್ದಿದ್ದಕ್ಕಾ, ಇದನ್ನೆಲ್ಲ ಬಟ್ಟೆ ಸರಿ ಮಾಡೋ ನೆಪದಲ್ಲಿ ನೋಡ್ಕೊಂಡು ಬರ್ತೀನಿ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂಗೆ ಗೊಂದಲ ಹೆಚ್ಚಾದ್ರೆ ಅಥವಾ ಸಿಕ್ಕಾಪಟ್ಟೆ ಮಂಕಾದ್ರೆ, ಕಾಯಿಲೆ ಮುಂದುವರೀತು ಬಿಡಿ ಅಂತ ಸುಮ್ನಾಗ್ಬೇಡಿ, ಡಾಕ್ಟರಿಗೆ ಹೇಳಿ. ಯೂರಿನ್ ಇನ್ಫೆಕ್ಷನ್ನೋ ಮಲಬದ್ಧತೆನೋ ಹೊಸ ಮಾತ್ರೆನೋ ಇದ್ರೂ ಹಂಗಾಗುತ್ತೆ, ಅದಕ್ಕೆ ಚಿಕಿತ್ಸೆ ಇದೆ. ದಿನಾ ನೋಡೋ ಸ್ಟಾಫಿಗಿಂತ ನಮಗೆ ಕೆಲವು ಸಲ ಇದು ಬೇಗ ಕಾಣುತ್ತೆ.

ಸ್ಟಾಫ್ ಬದಲಾಗ್ತಾನೇ ಇರ್ತಾರೆ, ಅದಕ್ಕೆ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದೀನಿ. ಬಲಗಿವಿ ಕೇಳಲ್ಲ, ಎಡಗಡೆ ನಿಂತು ಮಾತಾಡಿ. "ತಾತ" ಅಂದ್ರೆ ಸಿಟ್ಟು ಬರುತ್ತೆ, "ಸರ್" ಅನ್ನಿ. ಸ್ನಾನಕ್ಕೆ ಮುಂಚೆ ನೀರು ಕೈಗೆ ಮುಟ್ಟಿಸಿ ತೋರ್ಸಿ. ಹೆಬ್ಬೆರಳಿನ ಉಗುರು ನಾನು ಬಂದು ತೆಗೀತೀನಿ. ರಾತ್ರಿ ಪಾಳಿಯೋರಿಗೆ ಬೀರು ತೆಗೆಯೋ ಕೆಲಸವೇ ಇರಲ್ಲ, ಅವರು ಓದೋದೇ ಇಲ್ಲ ಅಂತ ಈಗ ಗೊತ್ತಾಗಿದೆ, ಇನ್ನೊಂದು ಕಾಪಿ ಮಾಡಿ ಮಂಚದ ತಲೆ ಹತ್ರ ಹಾಕ್ಬೇಕು.