ಕುಲಾವಿಗೊಂದು ಅಂತರರಾಷ್ಟ್ರೀಯ ಸ್ಪರ್ಧೆ

ಹೊಸದೊಂದು ರಾಷ್ಟ್ರೀಯ ಮ್ಯೂಸಿಯಂ ಕಟ್ಟಲು ಹೊರಟಿದ್ದಾರೆ. ಅದನ್ನು ಯಾರು ಕಟ್ಟಬೇಕು ಅಂತ ಆರಿಸಲು ಅಂತರರಾಷ್ಟ್ರೀಯ ವಾಸ್ತುಶಿಲ್ಪ ಸ್ಪರ್ಧೆಯಂತೆ. ಸ್ಪರ್ಧೆ ಹೇಗಿರಬೇಕು ಅಂತ ಯೋಚಿಸಲು ಸಮಿತಿ. ಸಮಿತಿಗೆ ದಾರಿ ತೋರಿಸಲು ಕನ್ಸಲ್ಟೆಂಟ್. ಅವರ ಮಾತು ಕೇಳಲು ಮೊನ್ನೆ ಬೆಂಗಳೂರಿನ ಒಂದು ಸ್ಟಾರ್ ಹೋಟೆಲಿನಲ್ಲಿ ಪೂರ್ವಭಾವಿ ಸಭೆ. ನನಗೇನೂ ಕರೆ ಇರಲಿಲ್ಲ. ಆರ್ಕಿಟೆಕ್ಟ್ ಗೆಳೆಯನ ಬಾಲ ಹಿಡಿದು ಹೋದೆ. ಊಟ ಚೆನ್ನಾಗಿರುತ್ತೆ ಅಂದಿದ್ದ.

ಮೊದಲ ಸ್ಲೈಡೇ ಬಿಲ್ಬಾವೊ. ಇನ್ನೇನಿರುತ್ತೆ? 1997ರಲ್ಲಿ ಸ್ಪೇನಿನ ಆ ಊರಲ್ಲಿ ಫ್ರಾಂಕ್ ಗೇರಿ ಟೈಟೇನಿಯಂ ಹೊದಿಸಿದ ಮ್ಯೂಸಿಯಂ ಕಟ್ಟಿದ್ದೇ ಕಟ್ಟಿದ್ದು, ಅವತ್ತಿನಿಂದ ಜಗತ್ತಿನ ಯಾವ ಸಮಿತಿಗೂ ನಿದ್ದೆಯಿಲ್ಲ. ಒಂದು ಕಟ್ಟಡ ಎದ್ದರೆ ಊರೇ ಉದ್ಧಾರ ಅಂತ ನಂಬಿಬಿಟ್ಟಿದ್ದಾರೆ. ಬಿಲ್ಬಾವೊದವರು ಅದರ ಜೊತೆಗೇ ಕೊಳೆತು ನಾರುತ್ತಿದ್ದ ಹೊಳೆಯನ್ನೂ ಕ್ಲೀನ್ ಮಾಡಿಕೊಂಡರು. 1995ರಲ್ಲೇ ಮೆಟ್ರೋ ಓಡಿಸಿದರು. ಆ ಸ್ಲೈಡ್ ಇರಲಿಲ್ಲ. ವೃಷಭಾವತಿ ನೆನಪಾಗಿ ಊಟ ಸೇರದೆ ಹೋದೀತು ಅಂತ ಬಿಟ್ಟಿರಬೇಕು, ಪಾಪ.

ಆಮೇಲೆ ‘ಐಕಾನಿಕ್’ ಶುರುವಾಯಿತು. ಐಕಾನಿಕ್ ಮುಂಭಾಗ, ಐಕಾನಿಕ್ ಮೆಟ್ಟಿಲು, ಐಕಾನಿಕ್ ಪಾರ್ಕಿಂಗ್. ನಾನು ಎಣಿಸುತ್ತಾ ಕೂತೆ. 31ಕ್ಕೆ ಬಂದಾಗ ಗೋಬಿ ಮಂಚೂರಿ ಬಂತು, ಲೆಕ್ಕ ತಪ್ಪಿತು.

ಭಾಗವಹಿಸಲು ಅರ್ಹತೆಯೂ ಸಿದ್ಧವಾಗಿತ್ತು. ಈಗಾಗಲೇ ಮೂರು ಮ್ಯೂಸಿಯಂ ಕಟ್ಟಿರಬೇಕು. ಕೋಟಿಗಟ್ಟಲೆ ವಹಿವಾಟು ಇರಬೇಕು. ಇಎಂಡಿ, ಅಂದರೆ ಟೆಂಡರಿನ ಮುಂಗಡ ಠೇವಣಿ ಕಟ್ಟಬೇಕು. ಹೊಸಬರಿಗೆ ಬಾಗಿಲು ತೆರೆಯಲಿ ಅಂತ ತಾನೇ ಸ್ಪರ್ಧೆ ಮಾಡೋದು? 1971ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರಕ್ಕೆ 681 ವಿನ್ಯಾಸ ಬಂದಿದ್ದವು. ಗೆದ್ದ ರೆಂಜೊ ಪಿಯಾನೊ, ರಿಚರ್ಡ್ ರೋಜರ್ಸ್ ಇಬ್ಬರಿಗೂ ಆಗ 40 ತುಂಬಿರಲಿಲ್ಲ. ನಮ್ಮ ಟೆಂಡರ್ ಫಾರಂನಲ್ಲಾದರೆ ಅವರು ಎರಡನೇ ಪುಟಕ್ಕೇ ಔಟು. ಗೆಳೆಯ ಇದನ್ನೇ ಕೇಳಿದ. ‘ಸಣ್ಣವರು ದೊಡ್ಡವರ ಜೊತೆ ಪಾಲುದಾರರಾಗಬಹುದು ಸರ್’ ಅಂದರು ಕನ್ಸಲ್ಟೆಂಟ್. ಅಂದರೆ ನಕ್ಷೆ ಇವನದು, ಹೆಸರು ಅವರದು.

ನಾನೂ ಸುಮ್ನಿರಲಾರದೆ ಕೈ ಎತ್ತಿದೆ. ‘ಒಳಗೆ ಏನಿಡ್ತೀರಿ?’

‘ಅದು ಎರಡನೇ ಹಂತ ಸರ್.’

ಈಜಿಪ್ಟಿನವರೂ 2002ರಲ್ಲಿ ಸ್ಪರ್ಧೆ ಮಾಡಿದರು. 1,557 ವಿನ್ಯಾಸ ಬಂದವು. ಮ್ಯೂಸಿಯಂ ಪೂರ್ತಿಯಾಗಿ ತೆರೆದಿದ್ದು 2025ರ ನವೆಂಬರಿನಲ್ಲಿ. ಆದರೆ ಒಳಗೆ ಇಡಲು ಅವರ ಹತ್ತಿರ ಟುಟಂಕಾಮನ್ ಇದ್ದ, ಕಾದ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಗುಗೆನ್‌ಹೈಮ್ ಮ್ಯೂಸಿಯಂಗೆ ಅಂತ 1,715 ವಿನ್ಯಾಸ ತರಿಸಿಕೊಂಡು, 2015ರಲ್ಲಿ ಗೆದ್ದವರ ಹೆಸರು ಹೇಳಿ, 2016ರಲ್ಲಿ ನಗರಸಭೆಯೇ ಬೇಡ ಅಂದುಬಿಟ್ಟಿತು. ನಮ್ಮಲ್ಲೂ 1986ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಇಂಥದ್ದೇ ಸ್ಪರ್ಧೆ ನಡೆಯಿತು. ಅಮೆರಿಕದ ರಾಲ್ಫ್ ಲರ್ನರ್ ಗೆದ್ದರು. ಅವರ ನಕ್ಷೆಯಲ್ಲಿ ಕಟ್ಟಿದ್ದು ಒಂದು ತುಂಡು. ಸ್ಪರ್ಧೆ ಅಂದರೆ ಸಾವಿರಾರು ಹುಡುಗ ಹುಡುಗಿಯರು ರಾತ್ರಿಯಿಡೀ ಕೂತು ಬಿಟ್ಟಿಯಾಗಿ ದುಡಿಯುವುದು. ಇದನ್ನು ಯಾರೂ ಸ್ಲೈಡಿನಲ್ಲಿ ಹಾಕುವುದಿಲ್ಲ. ವಿಧಾನಸೌಧಕ್ಕೆ ಯಾವ ಸ್ಪರ್ಧೆ ಆಗಿತ್ತು? 1951ರಲ್ಲಿ ಅಡಿಗಲ್ಲು, 1956ಕ್ಕೆ ಕಟ್ಟಡ. ಈಗ ಅಷ್ಟು ಹೊತ್ತಿಗೆ ಡಿಪಿಆರ್, ಅಂದರೆ ಯೋಜನೆಯ ವಿವರ ವರದಿ ಕೂಡ ಆಗುವುದಿಲ್ಲ.

ಕಳೆದ ತಿಂಗಳು ಮಗಳನ್ನು ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಯಾವುದು ಅಂತ ಬೇಡ. ಒಂದು ಮೂರ್ತಿ ಮುಂದೆ ಚೀಟಿ: ‘ಶಿಲ್ಪ. ಕಲ್ಲು.’ ಅಪ್ಪಾ, ಕಲ್ಲು ಅಂತ ಕಾಣ್ತಿದೆಯಲ್ಲ, ಯಾರದು ಹೇಳು ಅಂದಳು. ವಿವರ ಕೇಳೋಣ ಅಂದರೆ ಕ್ಯುರೇಟರ್ ಹುದ್ದೆ ಖಾಲಿ. ಲೈಟ್ ಹಾಕಿ ಅಂದರೆ ಎಲೆಕ್ಟ್ರಿಷಿಯನ್ ರಜೆ. ಶೌಚಾಲಯಕ್ಕೆ ಬೀಗ. ನನಗೆ ನಗು ಬರಲಿಲ್ಲ. ಇರುವ ಕಲ್ಲಿಗೆ ಒಂದು ಸರಿಯಾದ ಚೀಟಿ ಬರೆಸಲು ನಿಮ್ಮಿಂದ ಆಗುವುದಿಲ್ಲ. ಅದಕ್ಕೆ ಪ್ಯಾರಿಸ್ಸಿನ ತೀರ್ಪುಗಾರರು ಬರಬೇಕಾ?

ಇರಲಿ. ಕಲ್ಲು ಅಂದಾಗ ನೆನಪಾಯಿತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರದು, ಕೆಂಪು ಕಟ್ಟಡ 1877ರದು. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿದೆ. ಹತ್ತನೇ ಶತಮಾನದ್ದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಾಡಿದ. ದೊರೆ ಮೆಚ್ಚಿ ಬೇಡಿಕೋ ಅಂದ. ಇವನು ಊರು ಕೇಳಲಿಲ್ಲ, ಬದಲಿ ಸೈಟೂ ಕೇಳಲಿಲ್ಲ. ಕಾಳಿ ಅನ್ನೋ ನಾಯಿ ಕೇಳಿದ! ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಹಂದಿ ನಾಯಿ ಗುದ್ದಾಟ ಅದರಲ್ಲಿ ಕೆತ್ತಿದೆ, ಹೋಗಿ ನೋಡಿ. ಕೊನೆಗೊಂದು ಷರತ್ತು ಬರೆದಿದ್ದಾರೆ: ಈ ಕಲ್ಲನ್ನು ಪೂಜಿಸದೆ ಗೊರವ (ಅಂದರೆ ಶೈವ ಪೂಜಾರಿ) ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ಹೊಟ್ಟೆಗೂ ಕಲ್ಲಿಗೂ ಗಂಟು ಹಾಕಿದ ನಿರ್ವಹಣಾ ಒಪ್ಪಂದ! ಇದಕ್ಕಿಂತ ಗಟ್ಟಿಯಾದದ್ದು ಯಾವ ಕನ್ಸಲ್ಟೆಂಟ್ ಬರೆದಾನು?

ಸಭೆಯ ದಿನ ನಾವು ಒಂದು ಕಲ್ಲಿನ ಕಡೆಗೂ ನೋಡದೆ ಬಫೆಗೆ ಕ್ಯೂ ನಿಂತೆವು. ಮೂರು ಬಗೆ ಸಿಹಿ ಇತ್ತು. ನಾನೂ ಎರಡು ತಿಂದೆ, ಪಾಪದಲ್ಲಿ ಪಾಲಿದೆ.

ಊಟ ಆದಮೇಲೆ ಸ್ಪರ್ಧೆಗೆ ಒಂದು ಮ್ಯಾಸ್ಕಾಟ್ ಬೇಕು ಅಂತ ಚರ್ಚೆ ಬಂತು. ನವಿಲು ಅಂದರು, ಆನೆ ಅಂದರು. ನಾನು ಕಾಳಿ ನಾಯಿಯ ಕತೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬರು ಬರೆದುಕೊಂಡರು ಕೂಡ. ಖುಷಿಯಾಯಿತು.

ನಿನ್ನೆ ಗೆಳೆಯ ಸಭೆಯ ನಡಾವಳಿ ಕಳಿಸಿದ್ದಾನೆ. ಹದಿನಾಲ್ಕನೇ ಅಂಶ: ‘ನಾಯಿಗಳ ವಿಷಯ ಪ್ರಸ್ತಾಪವಾಯಿತು. ಬೀದಿನಾಯಿಗಳ ಹಾವಳಿಯನ್ನು ಸಂಬಂಧಪಟ್ಟ ಪಾಲಿಕೆಯ ಗಮನಕ್ಕೆ ತರಲು ತೀರ್ಮಾನಿಸಲಾಯಿತು.’ ಬೆಂಗಳೂರಿಗೆ ಈಗ ಇರುವ ಐದರಲ್ಲಿ ಯಾವ ಪಾಲಿಕೆ ಅಂತ ಬರೆದಿಲ್ಲ.