ಯಾರ ಲೈಫ್‌ಟೈಮ್ ಸ್ವಾಮಿ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ, ಇಲ್ಲಿ ಬರೆದು ಇಳಿಸಿಕೊಳ್ಳುತ್ತೇನೆ. ವಿಷಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್. ಕಾರಿಲ್ಲದವರು, ಗೇರ್ ಕಾರಿನವರು ಹಾಗೇ ಮುಂದೆ ಹೋಗಬಹುದು. ಬೇಜಾರಿಲ್ಲ.

ವೈಪರ್ ಬ್ಲೇಡ್ ಹಾಕಿಸೋಣ ಅಂತ ಇಲ್ಲೇ ಮೈಸೂರಿನ ಒಂದು ಸರ್ವಿಸ್ ಸೆಂಟರ್‌ಗೆ ಹೋಗಿದ್ದೆ. ಎಲ್ಲ ಕಂಪನಿ ಕಾರುಗಳನ್ನೂ ನೋಡುವ ಜಾಗ. ಎಸಿ ರೂಮು, ಪುಕ್ಕಟೆ ಕಾಫಿ, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗರು. ನನ್ನ ಮುಂದೆ ಒಬ್ಬರು ಹಿರಿಯರು ಕೂತಿದ್ದರು. ರಿಟೈರ್ಡ್ ಮೇಷ್ಟ್ರು ಅಂತ ಆಮೇಲೆ ಗೊತ್ತಾಯಿತು. ಅವರದ್ದೂ ಹಳೇ ಆಟೋಮ್ಯಾಟಿಕ್ಕು. ಒಂದು ಸಣ್ಣ ಡೈರಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಬಂದಿದ್ದರು. ಹುಡುಗನನ್ನು ಕೇಳಿದರು, "ಗೇರ್‌ಬಾಕ್ಸ್ ಆಯಿಲ್ ಒಂದು ಸಲಾನೂ ಬದಲಾಯಿಸಿಲ್ಲಪ್ಪ. ಎಂಬತ್ತು ಸಾವಿರ ಓಡಿದೆ. ಹಾಕಿಸಬೇಕಾ?"

ಹುಡುಗ ಟ್ಯಾಬಿನಿಂದ ತಲೆ ಎತ್ತಲಿಲ್ಲ. "ಬೇಡಿ ಸಾರ್. ಅದು ಲೈಫ್‌ಟೈಮ್ ಫ್ಲೂಯಿಡ್. ಈಗ ಮುಟ್ಟಿದ್ರೆ ಗೇರ್‌ಬಾಕ್ಸೇ ಹೋಗುತ್ತೆ."

ಒಂದೇ ಉಸಿರಿನಲ್ಲಿ ಎರಡು ಮಾತು ಬಂತು, ಗಮನಿಸಿದಿರಾ? ಆಯಿಲ್ ಕೆಡೋದೇ ಇಲ್ಲ ಅನ್ನೋದು ಒಂದು. ಅದು ಎಷ್ಟು ಕೆಟ್ಟಿದೆ ಅಂದರೆ ಇನ್ನು ಮುಟ್ಟಲೂಬಾರದು ಅನ್ನೋದು ಇನ್ನೊಂದು. ಎರಡೂ ಒಟ್ಟಿಗೆ ನಿಜ ಆಗೋದು ಹೇಗಪ್ಪಾ?

ಇಷ್ಟು ಹೇಳಿದ ಹುಡುಗ ಅಲ್ಲಿಗೆ ಬಿಡಲಿಲ್ಲ. ಮೇಷ್ಟ್ರಿಗೆ ಟೆಫ್ಲಾನ್ ಕೋಟಿಂಗ್ ಮಾಡಿಸಿ ಅಂದ. ಸೀಟಿಗೆ ಡ್ರೈ ಕ್ಲೀನಿಂಗ್ ಮಾಡಿಸಿ ಅಂದ. ಎಸಿಗೆ ಅದೇನೋ ಪರಿಮಳದ ಹೊಗೆ ಹಾಕಿಸಿ ಅಂದ. ಗೇರಿನ ಹಲ್ಲಿಗೆ ಹಲ್ಲು ಉಜ್ಜುವ ಜಾಗದ ಎಣ್ಣೆ ಬೇಡವಂತೆ, ಬಾನೆಟ್ಟಿನ ಹೊಳಪು ಬೇಕಂತೆ!

ನಮ್ಮ ಬಿಳಿ ಹೋಂಡಾ ಸಿಟಿ ಕಾರಿನ ಪುರಾಣ ನಿಮಗೆ ಗೊತ್ತೇ ಇದೆ. 2010ರದ್ದು, ಐದು ಗೇರಿನ ಆಟೋಮ್ಯಾಟಿಕ್ಕು. ಅಪ್ಪ ಎಡಗಾಲಿನ ಮಂಡಿ ನೋವಿಗೆ ಅಂತ ತೆಗೆದುಕೊಂಡಿದ್ದು. ಅವರು ಹೋದ ಮೇಲೆ ಮಾರೋ ಮನಸ್ಸಾಗದೆ ಇಟ್ಟುಕೊಂಡಿದ್ದೇನೆ. ಹದಿನೈದು ವರ್ಷ ತುಂಬಿತು ಅಂತ ಆರ್‌ಟಿಓದಲ್ಲಿ 5000 ರೂಪಾಯಿ ಕಟ್ಟಿ, ಇನ್ನೂ ಐದು ವರ್ಷಕ್ಕೆ ಆರ್‌ಸಿ ಮಾಡಿಸಿಕೊಂಡು ಬಂದವನು ನಾನು. ಸರ್ಕಾರವೇ ಹದಿನೈದು ವರ್ಷ ಆದ ಮೇಲೆ ಕಾರನ್ನು ತಂದು ತೋರಿಸು ಅನ್ನುತ್ತೆ. ಅದರ ಹೊಟ್ಟೆಯಲ್ಲಿರೋ ಆಯಿಲ್ ಮಾತ್ರ ಅಜರಾಮರ!

ಅಸಲಿಗೆ ಆ ಆಯಿಲ್ ಮಾಡೋ ಕೆಲಸ ಏನು ಅಂತ ಆ ಹುಡುಗನಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಗಾಳಿಗೆ ಇನ್ನೊಂದೂ ತಿರುಗುತ್ತೆ ಅಲ್ವಾ? ಟಾರ್ಕ್ ಕನ್ವರ್ಟರ್ ಅಂದರೆ ಹೆಚ್ಚುಕಡಿಮೆ ಅದೇ. ಗಾಳಿಯ ಬದಲು ಆಯಿಲ್. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟೋದು ಅದರ ಮೇಲೆ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಗೇರ್ ಬದಲಾಯಿಸೋದೂ ಅದೇ ಆಯಿಲ್ಲಿನ ಪ್ರೆಶರ್ರು. ಹಲ್ಲುಗಳನ್ನು ನುಣುಪಾಗಿ ಇಡಬೇಕು, ಬಿಸಿಯನ್ನೂ ಹೊತ್ತೊಯ್ಯಬೇಕು. ಮನೆಯಲ್ಲಿ ಎಲ್ಲ ಕೆಲಸವನ್ನೂ ಒಬ್ಬಳೇ ಮಾಡೋ ಸೊಸೆಗೆ ರಜೆಯೇ ಬೇಡ ಅಂದ ಹಾಗಾಯಿತು.

ಅದನ್ನು ಕೆಡಿಸೋದು ಬಿಸಿ. ಗೇರ್ ಲಿವರನ್ನು ಡಿ-ಯಲ್ಲಿ, ಅಂದರೆ ಡ್ರೈವ್‌ನಲ್ಲಿ, ಇಟ್ಟು ಬ್ರೇಕ್ ತುಳಿದು ಸಿಗ್ನಲ್ಲಿನಲ್ಲಿ ನಿಂತಿರುತ್ತೇವಲ್ಲ, ಆಗ ಕನ್ವರ್ಟರ್‌ಗೆ ಹೋಗೋ ಶಕ್ತಿಯೆಲ್ಲ ಬಿಸಿಯಾಗಿ ಆಯಿಲ್ಲಿಗೇ ಸೇರುತ್ತೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ಮೀಟರ್ ಮೂರು ಕಿಲೋಮೀಟರ್ ತೋರಿಸಬಹುದು. ಆಯಿಲ್ಲಿನ ಲೆಕ್ಕವೇ ಬೇರೆ.

ಲೈಫ್‌ಟೈಮ್ ವಿಷಯಕ್ಕೇ ಬರ್ತೀನಿ. ಜರ್ಮನಿಯ ಝಡ್‌ಎಫ್ ಅಂತ ಕಂಪನಿ ಇದೆ. ದೊಡ್ಡ ದೊಡ್ಡ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವವರೇ ಅವರು. ಆ ಗೇರ್‌ಬಾಕ್ಸ್ ಹಾಕಿಕೊಂಡ ಎಷ್ಟೋ ಕಾರುಗಳಲ್ಲಿ ಆಯಿಲ್ ಲೈಫ್‌ಟೈಮ್ ಅಂತ ಮಾರುತ್ತಾರೆ. ಝಡ್‌ಎಫ್‌ನವರು ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಾಯಿಸಿ ಅಂತಲೇ ಹೇಳುತ್ತಾರೆ. ಹೆತ್ತ ತಾಯಿ ಒಂದು ಹೇಳಿದರೆ ದೊಡ್ಡಮ್ಮ ಇನ್ನೊಂದು ಹೇಳಿದ ಹಾಗೆ. ಯಾರ ಮಾತು ಕೇಳಬೇಕು ಅಂತ ನೀವೇ ನೋಡಿಕೊಳ್ಳಿ.

ಲೈಫ್‌ಟೈಮ್ ಅಂದರೆ ಯಾರ ಲೈಫ್‌ಟೈಮ್? ನನಗೆ ಅನ್ನಿಸೋದು ಇಷ್ಟು: ವಾರಂಟಿಯ ಲೈಫ್‌ಟೈಮ್.

ನಡುವೆ ಒಂದು ಮಾತು. ಅಮೆರಿಕದಲ್ಲಿ 1970ರ ದಶಕದ ಶುರುವಿನವರೆಗೂ ಈ ಆಯಿಲ್ಲಿಗೆ ಸ್ಪರ್ಮ್ ವೇಲ್ ಅನ್ನೋ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕ್ಲಚ್ಚು ನಡುಗದೆ ಮೆತ್ತಗೆ ಹಿಡಿಯಲಿ ಅಂತ. ತಿಮಿಂಗಿಲ ಬೇಟೆಗೆ ತಡೆ ಬಿದ್ದ ಮೇಲೆ ಬೇರೆ ದಾರಿ ಹುಡುಕಿಕೊಂಡರು. ಇದನ್ನು ಓದಿದ ದಿನ ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಯಾರೂ ಮೆಚ್ಚಲಿಲ್ಲ. ಇಲ್ಲಾದರೂ ಇರಲಿ.

ಈಗ ನೀವು ಕಮೆಂಟಿನಲ್ಲಿ ಏನು ಬರೀತೀರಿ ಅಂತ ಗೊತ್ತು. "ನಮ್ಮ ಚಿಕ್ಕಪ್ಪ ಆಯಿಲ್ ಬದಲಾಯಿಸಿದರು, ಮುಂದಿನ ತಿಂಗಳೇ ಗೇರ್‌ಬಾಕ್ಸ್ ಹೋಯಿತು." ಪ್ರತಿ ಊರಿನಲ್ಲೂ ಇಂಥ ಒಬ್ಬ ಚಿಕ್ಕಪ್ಪ ಇರುತ್ತಾರೆ. ನಮ್ಮನೆಯಲ್ಲಿ ಭಾವ ಇದ್ದಾರೆ.

ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆಯಾಗುತ್ತೆ. ಭಾವನ ಕಾರಿನ ಗೇರ್‌ಬಾಕ್ಸ್ ಆಯಿಲ್ ಹಾಕಿಸಿದ ಮೂರೇ ವಾರಕ್ಕೆ ಹೋಯಿತು ಅನ್ನೋ ಕಥೆಯನ್ನು ಏನಿಲ್ಲವೆಂದರೂ ಇಪ್ಪತ್ತು ಜನಕ್ಕೆ ಹೇಳಿದವನು ನಾನೇ. ಆ ಭಯಕ್ಕೇ ನಾಲ್ಕು ವರ್ಷ ನಮ್ಮ ಕಾರನ್ನೂ ಮುಟ್ಟಿರಲಿಲ್ಲ. ಅಪ್ಪ ಬದುಕಿದ್ದಾಗ ಎರಡು ಸಲ ಕೇಳಿದ್ದರು. ಚೇತಕ್ ಸ್ಕೂಟರಿನ ಗೇರ್ ಆಯಿಲನ್ನು ಮನೆ ಮುಂದೆಯೇ ಕೂತು ಬದಲಾಯಿಸುತ್ತಿದ್ದ ಮನುಷ್ಯ. "ನಿಮಗೆ ಇದೆಲ್ಲ ಗೊತ್ತಾಗಲ್ಲ ಸುಮ್ನಿರಿ" ಅಂದಿದ್ದೆ.

ಹೋದ ದೀಪಾವಳಿಗೆ ಭಾವ ಎಲೆ ಮುಂದೆ ಕೂತಿದ್ದಾಗ ಅಕ್ಕ ಮಾತಿನ ನಡುವೆ ಹೇಳಿಬಿಟ್ಟಳು. "ಆಯಿಲ್ ಹಾಕಿಸೋಕೆ ಆರು ತಿಂಗಳ ಮುಂಚೇನೇ ಎರಡರಿಂದ ಮೂರನೇ ಗೇರಿಗೆ ಬೀಳೋವಾಗ ಸ್ಲಿಪ್ ಹೊಡೀತಿತ್ತಲ್ರೀ? ಕೊನೆಗೆ ಏನೂ ಆಗದೆ ಆಯಿಲ್ಲಾದರೂ ಹಾಕಿಸಿ ನೋಡೋಣ ಅಂದ್ರಿ." ಭಾವ ಕೋಸಂಬರಿ ಕಡೆ ನೋಡಿದರು.

ಅಂದರೆ ಕಾರು ಆಗಲೇ ಕೊನೆಯುಸಿರು ಎಳೀತಿತ್ತು. ಬಾಯಿಗೆ ಗಂಗಾಜಲ ಬಿಟ್ಟರು. ಆಮೇಲೆ ಗಂಗಾಜಲ ಕುಡಿದೇ ಸತ್ತ ಅಂತ ಊರಿಗೆಲ್ಲ ಸಾರಿದರು. ಸಾರಿದ್ದು ನಾನು.

ಇನ್ನೊಂದು ವಾದವೂ ಇದೆ. ಹಳೇ ಆಯಿಲ್ಲಿನಲ್ಲಿ ಸವೆದ ಪ್ಲೇಟಿನ ಪುಡಿ ಇರುತ್ತೆ, ಅದರ ಹಿಡಿತದಲ್ಲೇ ಕ್ಲಚ್ಚು ನಡೀತಿರುತ್ತೆ, ತೆಗೆದರೆ ಜಾರುತ್ತೆ ಅಂತ. ಆಯಿತಪ್ಪ, ಪುಡಿಯ ಮೇಲೇ ನಿಂತಿರೋ ಗೇರ್‌ಬಾಕ್ಸ್ ಇನ್ನೆಷ್ಟು ದಿನ ನಿಲ್ಲುತ್ತೆ? ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರ್ತಿದ್ದರೆ, ಗೇರ್ ಜಾರ್ತಿದ್ದರೆ, ಹೊಸ ಆಯಿಲ್ ಏನೂ ಪವಾಡ ಮಾಡಲ್ಲ, ಒಪ್ಪಿದೆ. ಹಳೇ ಗೇರ್‌ಬಾಕ್ಸಿಗೆ ಮಷೀನ್ ಹಾಕಿ ಪ್ರೆಶರ್‌ನಲ್ಲಿ ತೊಳೆಸೋದು ನನಗೂ ಇಷ್ಟವಿಲ್ಲ. ಆದರೆ ಚೆನ್ನಾಗಿ ಓಡ್ತಿರೋ ಕಾರಿಗೂ ಅದೇ ಭಯ ತುಂಬಿದರೆ ಹೇಗೆ?

ಕೊನೆಗೆ ನಾನು ಹೇಗೆ ಮಾಡಿಸಿದೆ ಅಂದರೆ, ಬನ್ನಿಮಂಟಪದ ಕಡೆ ಒಂದು ಸಣ್ಣ ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ ಮೊದಲು ಮಾಡಿದ್ದು ಆಯಿಲ್ ಅಳೆಯೋ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟಿದ್ದು. ಕಾಫಿ ಡಿಕಾಕ್ಷನ್ ಬಣ್ಣ. ಮೂಸಿ ನೋಡಿ, "ಸುಟ್ಟಿಲ್ಲ ಸಾರ್, ಹಳೇದಾಗಿದೆ ಅಷ್ಟೇ" ಅಂದ. ಎಂಬತ್ತು ಸಾವಿರ ಓಡಿಸಿದ ಮೇಷ್ಟ್ರಿಗೆ ಆ ಟ್ಯಾಬಿನ ಹುಡುಗ ಇಷ್ಟನ್ನೂ ಮಾಡಲಿಲ್ಲ. ಒಂದು ಹನಿ, ಒಂದು ಟಿಶ್ಯೂ!

ಕೆಳಗಿನ ಬೋಲ್ಟ್ ಬಿಚ್ಚಿದಾಗ ಎರಡೂವರೆ ಲೀಟರ್ ಹತ್ತಿರ ಬಂತು. ಆ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇರುತ್ತೆ. ಅದಕ್ಕೆ ಬೂದು ಬಣ್ಣದ ಪೇಸ್ಟು ಮೆತ್ತಿಕೊಂಡಿತ್ತು, ವಿಭೂತಿಯನ್ನು ಎಣ್ಣೆಯಲ್ಲಿ ಕಲಸಿದ ಹಾಗೆ. ಆತ ಅದನ್ನು ಎರಡು ಬೆರಳಲ್ಲಿ ಉಜ್ಜಿ ನನಗೂ ಉಜ್ಜಲು ಕೊಟ್ಟ. ನುಣ್ಣಗಿತ್ತು. "ಚೂರು ಸಿಕ್ಕಿದ್ರೆ ಹೆದರಬೇಕಿತ್ತು. ಇದು ಮಾಮೂಲಿ ಸವೆತ." ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿದ. ಎಷ್ಟು ಬಂತೋ ಅಷ್ಟೇ ಅಳೆದು ಹೊಸ ಆಯಿಲ್ ಸುರಿದ. ಹೋಂಡಾದ ಹಳೇ ಝಡ್-1 ಜಾಗಕ್ಕೆ ಬಂದಿರೋ ಡಿಡಬ್ಲ್ಯೂ-1. ಪುನರ್ಪುಳಿ ಶರಬತ್ತಿನ ಬಣ್ಣ. ಸಿಕ್ಕ ಸಿಕ್ಕ ಕೆಂಪು ಆಯಿಲ್ ಹಾಕಿಸಬೇಡಿ, ಸಿವಿಟಿ ಅನ್ನೋ ಇನ್ನೊಂದು ಬಗೆಯ ಆಟೋಮ್ಯಾಟಿಕ್ಕಿನ ಆಯಿಲ್ಲೇ ಬೇರೆ ಇದೇ ಬೇರೆ.

ಒಂದು ಸಲಕ್ಕೆ ಅರ್ಧಕ್ಕಿಂತ ಕಮ್ಮಿಯೇ ಬದಲಾಗೋದು. ಮಿಕ್ಕಿದ್ದು ಕನ್ವರ್ಟರ್ ಒಳಗೆ ಉಳಿದುಕೊಳ್ಳುತ್ತೆ. ಹಾಗಾಗಿ ಐನೂರು, ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಎರಡು ಸಲ ಹೋದೆ. ಮೂರನೇ ಸಲಕ್ಕೆ ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಭಾಗ ಹೊಸದಾಯಿತು. ಮೂರಕ್ಕೂ ಸೇರಿ ಹತ್ತು ಸಾವಿರ ಮುಟ್ಟಲಿಲ್ಲ. ನನ್ನ ಮಗನ ಮೊಬೈಲ್ ಡಿಸ್‌ಪ್ಲೇ ಒಡೆದಾಗ ಇದಕ್ಕಿಂತ ಜಾಸ್ತಿ ಕೊಟ್ಟಿದ್ದೆ, ಅವನನ್ನು ಬಯ್ಯದೆ.

ಚಾಮುಂಡಿ ಬೆಟ್ಟ ಹತ್ತುವಾಗ ಮೂರು-ನಾಲ್ಕರ ನಡುವೆ ಒಂದು ಸಣ್ಣ ಜರ್ಕ್ ಇತ್ತು. ಈಗಿಲ್ಲ. ಇಲ್ಲ ಅಂತ ನನಗೆ ಅನ್ನಿಸುತ್ತೆ. ಹೆಂಡತಿಯನ್ನು ಕೇಳಿದರೆ, "ಮುಂಚೇನೂ ಇರಲಿಲ್ಲ" ಅನ್ನುತ್ತಾಳೆ.

ಮೇಷ್ಟ್ರನ್ನು ಪಾರ್ಕಿಂಗ್‌ನಲ್ಲಿ ಹಿಡಿದು ಇಷ್ಟೂ ಕೊರೆದೆ. ಪಾಪ, ಬಿಸಿಲಲ್ಲೇ ನಿಂತು ಕೇಳಿದರು. "ನಿಮ್ಮ ಕಾರಿನ ಬುಕ್ಕಿನಲ್ಲಿ ಏನಿದೆ ನೋಡಿದ್ರಾ ಸಾರ್?" ಅಂದೆ. ಗ್ಲೋವ್ ಬಾಕ್ಸಿನಿಂದ ಬುಕ್ ತೆಗೆದರು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕನ್ನಡಕ ಏರಿಸಿಕೊಂಡು ಐದು ನಿಮಿಷ ಹುಡುಕಿದರು. ಆಮೇಲೆ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ನನಗೆ ತೋರಿಸಿದರು. ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅಂತ ಅಚ್ಚಾಗಿತ್ತು.

ಗುರುವಾರ ಅವರನ್ನು ಬನ್ನಿಮಂಟಪಕ್ಕೆ ಕರೆದುಕೊಂಡು ಹೋಗ್ತೀನಿ. ವೈಪರ್ ಬ್ಲೇಡ್ ಹಾಕಿಸೋದು ಮರೆತೇ ಹೋಯಿತು.

ಭಾವನಿಗೆ ಟ್ಯಾಗ್ ಮಾಡಿಲ್ಲ. ಅಕ್ಕ ಹೇಗೂ ಓದುತ್ತಾಳೆ.