ಗಬ್ಬ ನಿಲ್ಲಲಿಲ್ಲಂದ್ರ ಮೊದಲ ಗ್ವಾದ್ಲಿ ನೋಡ್ರಿ

ಎಮ್ಮಿಗೋ ಆಕಳಿಗೋ ಮೂರ್ನಾಲ್ಕು ಸಲ ಸೂಜಿ (ಕೃತಕ ಗರ್ಭಧಾರಣೆ) ಮಾಡಿಸಿದ್ರೂ ಗಬ್ಬ ನಿಲ್ಲಲಿಲ್ಲ ಅಂದ್ರ ಬೈಗುಳ ಬೀಳೂದು ವೀರ್ಯದ ಕಡ್ಡಿಗೆ, ಇಲ್ಲಾ ಡಾಕ್ಟರಿಗೆ. ಗ್ವಾದ್ಲಿಯೊಳಗ ಏನೈತಿ ಅಂತ ಯಾರೂ ಬಗ್ಗಿ ನೋಡೂದಿಲ್ಲ.

ರೋಣ, ನರಗುಂದದ ಕಡೆ ಬ್ಯಾಸಿಗಿ ಪೂರ್ತಿ ಬಿಳಿಜೋಳದ ಕಣಿಕಿ, ಹಾವೇರಿ ಕಡೆ ಗೋವಿನಜೋಳದ ದಂಟು. ಕಣಿಕಿಯೊಳಗ ಪ್ರೋಟೀನ್ ಶೇಕಡಾ 3ರಿಂದ 5, ರಂಜಕ (ಫಾಸ್ಫರಸ್) ಅಂತೂ ಬಹಳ ಕಡಿಮಿ. ಹೊಟ್ಟಿ ತುಂಬತೈತಿ, ಆದ್ರ ಈದ ಮ್ಯಾಲ ಸಿಕ್ಕ ಕಸುವೆಲ್ಲಾ ಹಾಲಿಗೇ ಹೋಗಿ ದನ ಬೆದಿಗೇ ಬರೂದಿಲ್ಲ. ಪಕ್ಕಿ ಎಲುಬು ಎಣಿಸೂವಂಗ ಇದ್ದ ದನಕ್ಕ ಹಾರ್ಮೋನ್ ಚುಚ್ಚಿಸೂದು ಬರೇ ದುಡ್ಡಿನ ಹಾಳು.

ದಿನಾ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಹಿಂಡಿಯೊಳಗ ಕಲಸಿ ಕೊಡ್ರಿ. ರಂಜಕ ಬೇಕಂದ್ರ ಗೋಧಿ ಬೂಸಾ ಐತಿ. ಶೇಂಗಾ ಹೊಟ್ಟು ಮಾರಿಕೊಂಡು ಕಣಿಕಿ ಹಾಕೂದು ನನಗಂತೂ ತಿಳಿಯಲಾರದ ಲೆಕ್ಕ. ಇನ್ನ ಒಣಮೇವಿನ ಕಸುವು ಹೆಚ್ಚಿಸೂ ಯೂರಿಯಾ ಉಪಚಾರ: 100 ಕೆಜಿ ಒಣಮೇವಿಗೆ 4 ಕೆಜಿ ಯೂರಿಯಾ, 40–50 ಲೀಟರ್ ನೀರಾಗ ಪೂರ್ತಿ ಕರಗಿಸಿ, ಪದರಪದರಾಗಿ ಚಿಮುಕಿಸಿ, ತುಳಿದು, ತಾಡಪತ್ರಿಯಿಂದ ಗಾಳಿ ಹೋಗದಂಗ 21 ದಿನ ಮುಚ್ಚಬೇಕು. ಹಾಕೂ ಮುಂಚೆ ಹರವಿ ಘಾಟು ಬಿಡಿಸ್ರಿ. ಕರಗದ ಹರಳು ದನದ ಹೊಟ್ಟಿಗೆ ಹೋದ್ರ ವಿಷ. ಆರು ತಿಂಗಳೊಳಗಿನ ಕರುಗಳಿಗೆ ಈ ಮೇವು ಬ್ಯಾಡ.

ಮೈ ತುಂಬಿಸೂ ಕೆಲಸ ಈಯೂ ಎರಡು ತಿಂಗಳ ಮೊದಲ ಆಗಬೇಕು. ಈದ ಮ್ಯಾಲ ಎಷ್ಟು ಸುರಿದ್ರೂ ಹಾಲು ಏರತೈತಿ, ಬೆದಿ ತಡಾನೇ.

ಎಮ್ಮಿ ಬೆದಿ ಬಾಯಿಬಿಟ್ಟು ಹೇಳೂದಿಲ್ಲ. ರಾತ್ರಿ, ನಸುಕಿನ್ಯಾಗ ನೋಡ್ರಿ. ತತ್ತಿಯ ಬಿಳಿ ಲೋಳಿಯಂಗ ತಿಳಿ ಎಳಿ ಇಳಿದ್ರ ಸರಿ, ಕೀವು ಬೆರೆತಿದ್ರ ಆ ಸಲ ಸೂಜಿ ಬಿಟ್ಟು ಔಷಧ ಮಾಡಸ್ರಿ. ಮುಂಜಾನೆ ಬೆದಿ ಕಂಡ್ರ ಸಂಜಿಗೆ ಸೂಜಿ, ಸಂಜಿಗೆ ಕಂಡ್ರ ಮರುದಿನ ಮುಂಜಾನೆ. ಆಕಳಿಗೆ ಅಂಡ ಬಿಡುಗಡೆ ಆಗೂದು ಬೆದಿ ಮುಗಿದ 10–12 ತಾಸಿಗೆ, ಅವಸರ ಮಾಡಿದ್ರ ವೀರ್ಯ ಅಷ್ಟೊತ್ತಿಗೆ ಸತ್ತಿರತೈತಿ. ಹೆಪ್ಪುಗಟ್ಟಿದ ವೀರ್ಯದ ಕಡ್ಡಿ 37 ಡಿಗ್ರಿ ನೀರಾಗ 30 ಸೆಕೆಂಡ್ ಇಡಬೇಕು. ಅಂಗೈಯಾಗ ತಿಕ್ಕಿ ಕರಗಿಸೂದು ಕಂಡ್ರ ಬ್ಯಾಡ ಅನ್ನಾಕ ಸಂಕೋಚ ಬ್ಯಾಡ.

ತಳಿ ವಿಚಾರ: ಊರ ಕೋಣ ಒಂದೇ ಇದ್ರ ತನ್ನ ಮಗಳನ್ನೇ ಹಾರತೈತಿ. ಎರಡು ಮೂರು ವರ್ಷಕ್ಕ ಬದಲಿಸ್ರಿ, ಬ್ರುಸೆಲ್ಲಾ (ಗಬ್ಬ ಕಂದಿಸೂ ಅಂಟುರೋಗ) ಪರೀಕ್ಷೆ ಮಾಡಿಸಿದ್ದನ್ನೇ ತರ್ರಿ. ಹೆಣ್ಣುಕರುಗಳಿಗೆ 4–8 ತಿಂಗಳ ವಯಸ್ಸಿನ್ಯಾಗ ಒಂದೇ ಸಲ ಅದರ ಲಸಿಕಿ. ಗಬ್ಬ ನಿಲ್ಲೂ ಗುಣ ರಕ್ತದಿಂದ ಬರೂದು ಸ್ವಲ್ಪೇ, ಆದ್ರೂ ತಪ್ಪದ ಈಯೂ ತಾಯಿಯ ಕರುನ ಉಳಿಸಿಕೊಳ್ರಿ.

ಸೂಜಿ ಮಾಡಿಸಿದ ತಾರೀಖು ಗ್ವಾಡಿ ಮ್ಯಾಲ ಬರೀರಿ. 18ರಿಂದ 24ನೇ ದಿನದೊಳಗ ಮತ್ತ ಬೆದಿ ಬರತೈತೇನು ನೋಡ್ರಿ, ಬರಲಿಲ್ಲ ಅಂತ ಸುಮ್ಮನಾಗದ ಮೂರು ತಿಂಗಳಿಗೆ ಕೈ ಹಾಕಿಸಿ ಗಬ್ಬ ಪರೀಕ್ಷೆ ಮಾಡಸ್ರಿ.